ಗೋಡೆಗೆ ಮುಖ ಮಾಡಿದ ಟ್ರೇಗಳು

ನೂರಾ ಹನ್ನೆರಡು ಟ್ರೇಗಳ ವಿವರವನ್ನು ನಾಲ್ಕನೇ ಸಲ ಫೋನಿಗೆ ತುಂಬುತ್ತ ಕೂತಿದ್ದಾಗ ಚೀಟಿ ಅಕ್ಕನಿಗೆ ಅನ್ನಿಸಿದ್ದು ಒಂದೇ: ಡಾಕ್ಟರು ಕತ್ತರಿ ಹಿಡಿಯುವ ಮೊದಲೇ ಈ ಆ್ಯಪ್‌ಗಳು ತನ್ನ ಕಥೆ ಮುಗಿಸುತ್ತವೆ. ಮೂರು ವಾರ, ನಾಲ್ಕು ಆ್ಯಪ್. ಬೆರಳ ತುದಿಯಲ್ಲಿ ಸದಾ ಪ್ಲಾಸ್ಟರ್ ಪುಡಿ ಕೂತಿರುವುದರಿಂದ ಫೋನಿಗೆ ಅವಳ ಬೆರಳು ಬೆರಳೆಂದೇ ತಿಳಿಯುತ್ತಿರಲಿಲ್ಲ. ಏಪ್ರನ್ನಿಗೆ ಒರೆಸುವುದು, ಒತ್ತುವುದು, ಮತ್ತೆ ಒರೆಸುವುದು. ಅರವತ್ತನೇ ಟ್ರೇಗೆ ಬರುವಷ್ಟರಲ್ಲಿ ಸೊಂಟ ಹಿಡಿದುಕೊಂಡಿತು. ಎದ್ದು ನಿಂತಳು, ಕಣ್ಣು ಕತ್ತಲೆ ಬಂತು, ಮತ್ತೆ ಕೂತಳು.

ಅದು ಹಲ್ಲಿನ ಸೆಟ್ ಮಾಡುವ ವರ್ಕ್‌ಶಾಪು. ಊರಿನ ಮೂವತ್ತು ಮೂವತ್ತೈದು ಹಲ್ಲಿನ ಕ್ಲಿನಿಕ್ಕುಗಳು ರೋಗಿಗಳ ಬಾಯಿಯ ಅಚ್ಚು ತೆಗೆದು ಇಲ್ಲಿಗೆ ಕಳಿಸುತ್ತವೆ. ಹಿಂದಿನ ಕೋಣೆಯಲ್ಲಿ ಅಚ್ಚಿಗೆ ಪ್ಲಾಸ್ಟರ್ ಹುಯ್ಯುವವಳು ಪ್ಲಾಸ್ಟರಮ್ಮ; ಕೈ ಮೊಣಕೈವರೆಗೆ ಬಿಳಿ, ಮಾತು ಮಾತ್ರ ಖಾರ. ನಡುಕೋಣೆಯಲ್ಲಿ ಮೇಣದ ಮೇಲೆ ಒಂದೊಂದೇ ಹಲ್ಲು ಕೂರಿಸುವವರು ಮೇಣದ ಮೇಷ್ಟ್ರು. ಅರವತ್ತು ದಾಟಿದವರು. ದಿನಕ್ಕೆ ಐದು ಮಾತಾಡಿದರೆ ಆರನೆಯದನ್ನು ನಾಳೆಗೆ ಎತ್ತಿಡುವ ಪೈಕಿ. ಸ್ಕೂಟರಿನಲ್ಲಿ ಕ್ಲಿನಿಕ್ಕಿನಿಂದ ಕ್ಲಿನಿಕ್ಕಿಗೆ ಸುತ್ತಿ ಮಾಲು ತರುವವನೂ ಒಯ್ಯುವವನೂ ಬ್ಯಾಗಣ್ಣ. ಮುಂಬಾಗಿಲ ಪಕ್ಕದ ಮೇಜು ಚೀಟಿ ಅಕ್ಕನದು. ಪ್ರತಿ ಬಾಯಿಗೆ ಅಂಗೈ ಅಗಲದ ಒಂದು ನೀಲಿ ಟ್ರೇ, ಪ್ರತಿ ಟ್ರೇಯ ಮುಖಕ್ಕೆ ಅಂಟಿಸಿದ ಒಂದು ಚೀಟಿ, ಎಲ್ಲವೂ ಅವಳ ಬೆನ್ನ ಹಿಂದಿನ ಆರು ಹಲಗೆಯ ಕಪಾಟಿನಲ್ಲಿ. ಒಂದೊಂದು ಸೆಟ್ಟೂ ಎರಡು ಸಲ ಬಂದು ಹೋಗುತ್ತದೆ. ಅಚ್ಚು ಬರುತ್ತದೆ, ಮೇಣದಲ್ಲಿ ಜೋಡಿಸಿದ ಹಲ್ಲು ರೋಗಿಯ ಬಾಯಿಗೆ ಹಾಕಿ ನೋಡಲು ಹೋಗುತ್ತದೆ, ಡಾಕ್ಟರು ಹೇಳಿದ ತಿದ್ದುಪಡಿ ಹೊತ್ತುಕೊಂಡು ವಾಪಸು ಬರುತ್ತದೆ. ಆಮೇಲೆ ಮೇಣ ಕರಗಿಸಿ ಗಟ್ಟಿ ಸೆಟ್ ಮಾಡುವುದು. ಒಮ್ಮೆ ಗಟ್ಟಿಯಾಯಿತೋ, ಮುಗಿಯಿತು. ಹಲ್ಲು ಅತ್ತಿತ್ತ ಸರಿಸುವಂತಿಲ್ಲ, ಹೊಸದಾಗಿಯೇ ಮಾಡಬೇಕು.

ಇದನ್ನೆಲ್ಲ ಹತ್ತೊಂಬತ್ತು ವರ್ಷದಿಂದ ಅವಳು ತಲೆಯಲ್ಲೇ ಇಟ್ಟುಕೊಂಡು ಬಂದಿದ್ದಳು. ದಿನಕ್ಕೆ ನಲವತ್ತು ಸಲ ಯಾರಾದರೊಬ್ಬರು ಟ್ರೇ ಎತ್ತಿ ತೋರಿಸಿ ಇದೆಲ್ಲಿಗೆ ಅಕ್ಕಾ ಅನ್ನುವರು, ಅವಳು ಕತ್ತೆತ್ತದೆ ಹೇಳುವಳು. ಹೆಂಡತಿಯ ಹುಟ್ಟಿದ ದಿನ ಮರೆಯುವ ವರ್ಕ್‌ಶಾಪಿನ ಯಜಮಾನರು ಅದನ್ನೂ ಅವಳನ್ನೇ ಕೇಳುತ್ತಿದ್ದರು.

ಈಗ ಆ ತಲೆ ಆರು ವಾರ ರಜೆಯ ಮೇಲೆ ಹೋಗಬೇಕಿತ್ತು. ಗರ್ಭಕೋಶದಲ್ಲಿ ಗಡ್ಡೆ. ಎರಡು ವರ್ಷದಿಂದ ತಿಂಗಳಲ್ಲಿ ಹತ್ತು ಹನ್ನೆರಡು ದಿನ ರಕ್ತ ಹೋಗಿ ಹೋಗಿ ಮೆಟ್ಟಿಲು ಹತ್ತಿದರೆ ಎದೆ ಹೊಡೆದುಕೊಳ್ಳುತ್ತಿತ್ತು. ಆಪರೇಷನ್ನಿನ ದಿನ ಎರಡು ಸಲ ನಿಗದಿಯಾಗಿ ಎರಡು ಸಲವೂ ಅವಳೇ ಮುಂದೆ ಹಾಕಿದ್ದಳು. ಒಮ್ಮೆ ಬ್ಯಾಗಣ್ಣನ ಕಾಲು ಮುರಿದಿತ್ತು, ಇನ್ನೊಮ್ಮೆ ಎರಡು ಹೊಸ ಕ್ಲಿನಿಕ್ಕು ಸೇರಿದ್ದವು. ಈ ಸಲ ಡಾಕ್ಟರಮ್ಮ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಹಿಮೋಗ್ಲೋಬಿನ್ ಎಂಟಕ್ಕಿಳಿದಿದೆ, ಇನ್ನೊಂದು ಸಲ ಮುಂದೆ ಹಾಕುವುದಾದರೆ ಬೇರೆ ಡಾಕ್ಟರನ್ನು ನೋಡಿಕೊಳ್ಳಿ ಅಂದಿದ್ದರು. ಹದಿನೇಳನೇ ತಾರೀಖು, ಗುರುವಾರ. ಅಷ್ಟರೊಳಗೆ ತಲೆಯಲ್ಲಿದ್ದದ್ದು ಎಲ್ಲಾದರೂ ಇಳಿಯಬೇಕು. ಒಳ್ಳೆಯ ಆ್ಯಪ್ ಒಂದನ್ನು ನೀವೇ ಆರಿಸಿ, ಹತ್ತನೇ ತಾರೀಖಿನೊಳಗೆ ಹೇಳಿ, ಎಲ್ಲರ ಫೋನಿಗೂ ಹಾಕಿಸುತ್ತೇನೆ ಎಂದು ಯಜಮಾನರು ಪೂರ್ತಿ ಸ್ವಾತಂತ್ರ್ಯ ಕೊಟ್ಟಿದ್ದರು. ಸ್ವಾತಂತ್ರ್ಯ ಕೊಟ್ಟಿದ್ದೇ ಕಷ್ಟಕ್ಕೆ ಬಂದಿತ್ತು.

ಆರಿಸಿಕೊಡಲು ಅವಳ ತಮ್ಮ ತುದಿಗಾಲಲ್ಲಿ ನಿಂತಿದ್ದ. ಪಕ್ಕದ ಬೀದಿಯಲ್ಲಿ ಮನೆ, ಮೂವತ್ತೆಂಟು ವಯಸ್ಸು, ನಕ್ಷೆ ಬರೆಯುವ ಆಫೀಸಿನಲ್ಲಿ ಕೆಲಸ, ಆ್ಯಪ್ ಅಂದರೆ ಪ್ರಾಣ. ಎರಡು ತಿಂಗಳಿಗೊಂದು ಹೊಸದು ಹಿಡಿಯುವನು, ಇದರಂಥದ್ದು ಇನ್ನೊಂದಿಲ್ಲ ಅನ್ನುವನು, ಹಳೆಯದರಲ್ಲಿದ್ದದ್ದನ್ನೆಲ್ಲ ಹೊಸದಕ್ಕೆ ಸಾಗಿಸುವುದರಲ್ಲೇ ಎರಡು ಭಾನುವಾರ ಕಳೆಯುವನು. ಬಚ್ಚಲ ನಲ್ಲಿ ರಿಪೇರಿ ಅನ್ನುವ ಒಂದು ಕೆಲಸ ಎರಡು ವರ್ಷದಲ್ಲಿ ಏಳು ಆ್ಯಪ್ ಸುತ್ತಿ ಬಂದಿದೆ, ನಲ್ಲಿ ಮಾತ್ರ ನಿಂತಲ್ಲೇ ನಿಂತು ತೊಟ್ಟಿಕ್ಕುತ್ತಿದೆ ಎಂದು ಅವನ ಹೆಂಡತಿ ಬಂದವರಿಗೆಲ್ಲ ಹೇಳುತ್ತಿದ್ದಳು. ಅವನು ಅದಕ್ಕೆಲ್ಲ ಸೊಪ್ಪು ಹಾಕುವ ಆಸಾಮಿಯಲ್ಲ.

ಮೊದಲ ಭಾನುವಾರ ಬಂದವನೇ ಚಪ್ಪಲಿ ಬಿಡುತ್ತಲೇ ಶುರು ಮಾಡಿದ್ದ.

"ಅಕ್ಕಾ, ನಿನ್ನ ತಲೇಲಿರೋದನ್ನೆಲ್ಲ ಇದರೊಳಗೆ ಸುರಿದುಬಿಡು. ಆಮೇಲೆ ಕಾಲು ಚಾಚಿ ಮಲ್ಕೋ."

"ಸುರಿಯೋಕೆ ಅದೇನು ನೀರೇನೋ? ಹತ್ತೊಂಬತ್ತು ವರ್ಷದ ಕಸ ಅದು."

"ಕಸಕ್ಕೂ ಇದರಲ್ಲಿ ಬೇರೆ ಜಾಗ ಇದೆ," ಅಂದ ತಮ್ಮ, ನಗದೆ. ನಿಜವಾಗಿಯೂ ಇತ್ತು. ತೋರಿಸಿದ.

ಮೊದಲನೆಯದು ಕಾರ್ಡುಗಳ ಆ್ಯಪ್. ಒಂದೊಂದು ಟ್ರೇಗೆ ಒಂದೊಂದು ಕಾರ್ಡು, ಬೆರಳಲ್ಲಿ ಎಳೆದು ಈ ಸಾಲಿನಿಂದ ಆ ಸಾಲಿಗೆ ಬಿಡುವುದು. ನೋಡಲು ಚೆಂದ. ನೂರಾ ಹನ್ನೆರಡು ಕಾರ್ಡು ಆದ ಮೇಲೆ ಮಾತ್ರ ಫೋನಿನ ಪುಟ್ಟ ಗಾಜಿನಲ್ಲಿ ಒಂದನ್ನು ಹುಡುಕುವುದೆಂದರೆ ಸಂತೆಯಲ್ಲಿ ಕೈಬಿಟ್ಟ ಮಗುವನ್ನು ಹುಡುಕಿದ ಹಾಗಾಯಿತು. ಎರಡನೆಯದು ಟಿಪ್ಪಣಿ ಪುಸ್ತಕದಂಥದ್ದು, ಪುಟದೊಳಗೆ ಪುಟ, ಅದರೊಳಗೆ ಇನ್ನೊಂದು ಪುಟ. ತಮ್ಮ ಒಂದಿಡೀ ಸಂಜೆ ಕೂತು ಪ್ರತಿ ಕ್ಲಿನಿಕ್ಕಿಗೂ ಒಂದು ಪುಟ ಕಟ್ಟಿ, ಮೇಲೆ ಒಂದು ಹಲ್ಲಿನ ಚಿತ್ರವನ್ನೂ ಅಂಟಿಸಿಕೊಟ್ಟ. ಪ್ಲಾಸ್ಟರಮ್ಮ ಮಾರನೇ ದಿನ ಅದರೊಳಗೆ ಹೊಕ್ಕವಳು ಹೊರಗೆ ಬರುವ ದಾರಿ ಕಾಣದೆ ಫೋನನ್ನೇ ಆಫ್ ಮಾಡಿ ಏಪ್ರನ್ ಜೇಬಿಗೆ ಹಾಕಿಕೊಂಡಳು. ಮೂರನೆಯದು ನೆನಪಿಸುವ ಆ್ಯಪ್. ಗಳಿಗೆಗೊಮ್ಮೆ ಟಿಣ್ ಅನ್ನುವುದು. ಐದು ಫೋನೂ ಒಟ್ಟಿಗೆ. ಮೇಣದ ಮೇಷ್ಟ್ರು ಕಾಸಿದ ಚಾಕುವಿನಲ್ಲಿ ಒಂದು ಮುಂಬಲ್ಲಿನ ಅಂಚು ನೇರ ಮಾಡುತ್ತಿದ್ದಾಗ ಟಿಣ್ ಅಂದು ಕೈ ಹಾರಿ, ಅರ್ಧ ದಿನದ ಕೆಲಸ ಹಾಳಾಯಿತು. ಅವರು ಎದ್ದು ಬಂದು ಫೋನನ್ನು ಅವಳ ಮೇಜಿನ ಮೇಲೆ ಬೋರಲು ಹಾಕಿ ಹೋದರು.

ಪ್ರತಿ ಸಲವೂ ಚೀಟಿ ಅಕ್ಕ ತಮ್ಮನಿಗೆ ದೋಷ ಹೇಳುವಳು, ಪ್ರತಿ ಸಲವೂ ತಮ್ಮ ಹರಳೆಣ್ಣೆ ಕುಡಿದ ಮುಖ ಮಾಡಿ ಅರ್ಧ ಗಂಟೆ ಕೂರುವನು, ಆಮೇಲೆ ಹಾಗಾದರೆ ಇದನ್ನು ನೋಡು ಅನ್ನುವನು. ನಾಲ್ಕನೆಯದು ಬರೀ ಪಟ್ಟಿ. ಒಂದರ ಕೆಳಗೊಂದು ಸಾಲು. ನಂಬರು, ಕ್ಲಿನಿಕ್ಕು, ಯಾವ ಸೆಟ್ಟು, ಹಲ್ಲಿನ ಬಣ್ಣ, ಕೊಡಬೇಕಾದ ದಿನ. ಕೆಲಸ ಆದರೆ ಒತ್ತಿದರಾಯಿತು, ಸಾಲು ಮಾಯ. ದಿನ ದಾಟಿದರೆ ಸಾಲು ಕೆಂಪಗಾಗುತ್ತದೆ. ಸಾಲಿನ ಕೆಳಗೆ ಯಾರು ಬೇಕಾದರೂ ಒಂದು ಮಾತು ಬರೆಯಬಹುದು. ಅಷ್ಟೇ. ತಮ್ಮನಿಗೆ ಅದನ್ನು ತೋರಿಸಲೂ ನಾಚಿಕೆ. ಇದು ಮಕ್ಕಳ ಆ್ಯಪ್ ಅಕ್ಕಾ, ನಿನಗೆ ಬೇರೆ ಯಾವುದೂ ಹಿಡಿಸಲ್ಲ ಅಂತ ತೋರಿಸಿದೆ ಅಂದ. ಅದರಲ್ಲೂ ಹೇಳಬಹುದಾದ ದೋಷ ಅವಳಿಗೆ ನಾಲ್ಕು ಕಂಡಿದ್ದವು. ಹೇಳಲು ಉಸಿರಿರಲಿಲ್ಲ. ಹೂಂ ಅಂದಳು.

ನೂರಾ ಹನ್ನೆರಡೂ ಮುಗಿದ ಮೇಲೆ ಯಜಮಾನರು ಒಂದು ಪರೀಕ್ಷೆ ಮಾಡೋಣ ಅಂದರು. ಸೋಮವಾರ, ಮಂಗಳವಾರ ಎರಡು ದಿನ ಅವಳು ಮನೆಯಲ್ಲಿರುವುದು, ಫೋನ್ ಮಾಡುವಂತಿಲ್ಲ, ವರ್ಕ್‌ಶಾಪು ಪಟ್ಟಿಯ ಮೇಲೆ ನಡೆಯುವುದು. ಸರಿ ಹೋದರೆ ಅದೇ ಖಾಯಂ. ಅವಳು ಮನೆಯಲ್ಲಿ ಕಾಲಿನ ಕೆಳಗೆ ಎರಡು ದಿಂಬಿಟ್ಟುಕೊಂಡು ಮಲಗಿ ಫೋನಿನಲ್ಲಿ ಪಟ್ಟಿ ನೋಡಿದಳು. ಸಾಲುಗಳು ಒಂದೊಂದಾಗಿ ಮಾಯವಾಗುತ್ತಿದ್ದವು. ಮಂಗಳವಾರ ಮಧ್ಯಾಹ್ನ ಕೆಂಪಗಿದ್ದವೂ ಮೂರು ಹೋದವು. ತಾನಿಲ್ಲದೆ ಎಲ್ಲ ಇಷ್ಟು ಸಲೀಸಾಗಿ ನಡೆಯುತ್ತಿದೆಯಲ್ಲ ಅಂತ ಹೊಟ್ಟೆ ತಣ್ಣಗಾಯಿತು. ತಣ್ಣಗಾದ ಹೊಟ್ಟೆಯಲ್ಲೇ ಎಲ್ಲೋ ಒಂಚೂರು ಚುಚ್ಚಿದ ಹಾಗೂ ಆಯಿತು. ಗಡ್ಡೆಯ ನೋವಿರಬೇಕು ಅಂದುಕೊಂಡು ಮಗ್ಗುಲು ಬದಲಿಸಿದಳು.

ಬುಧವಾರ ಬೆಳಿಗ್ಗೆ ಬಾಗಿಲು ದಾಟಿ ಎರಡು ಹೆಜ್ಜೆ ಇಟ್ಟವಳು ಬ್ಯಾಗು ಇಳಿಸುವುದನ್ನೂ ಮರೆತು ನಿಂತಳು.

ಕಪಾಟು ಪೂರ್ತಿ ಜೋಡಿಸಿಟ್ಟಿತ್ತು. ಆರು ಹಲಗೆ, ಎಲ್ಲ ಟ್ರೇಗಳೂ ನಂಬರಿನ ಪ್ರಕಾರ, ಎಲ್ಲದರ ಮುಖವೂ ಈಚೆ, ಅಂಚಿಗೆ ಅಂಚು ಸರಿಯಾಗಿ, ಸ್ಕೇಲಿಟ್ಟು ಗೆರೆ ಎಳೆದ ಹಾಗೆ. ಕಿಟಕಿಯ ಕಟ್ಟೆ ಖಾಲಿ. ಸ್ಟೂಲಿನ ಕೆಳಗೆ ಖಾಲಿ. ಪ್ಲಾಸ್ಟರಮ್ಮ ಕೈ ಒರೆಸುತ್ತ ಹೊರಗೆ ಬಂದು, ಹೇಗಿದೆ ಅಕ್ಕಾ, ನಿಮಗೇ ಅಂತ ಸೋಮವಾರ ಮೂವರೂ ಕೂತು ಮಾಡಿದ್ದು, ಆ್ಯಪಿನಲ್ಲಿ ಎಲ್ಲ ಇರುವಾಗ ಟ್ರೇ ಯಾಕೆ ದಿಕ್ಕಾಪಾಲು ಬಿದ್ದಿರಬೇಕು ಅಂದಳು. ಅವಳ ಮುಖದಲ್ಲಿ ಹೆಮ್ಮೆ ಎದ್ದು ಕಾಣುತ್ತಿತ್ತು. ಮೇಣದ ಮೇಷ್ಟ್ರು ಕೂಡ ಬಾಗಿಲಿಗೆ ಬಂದು ನಿಂತಿದ್ದರು.

ಚೀಟಿ ಅಕ್ಕ ಕಪಾಟಿನ ಈ ತುದಿಯಿಂದ ಆ ತುದಿಗೆ ನೋಡಿದಳು. ಮತ್ತೆ ನೋಡಿದಳು. ಏನೂ ಗೊತ್ತಾಗಲಿಲ್ಲ. ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ಆ ಗೋಡೆ ಅವಳಿಗೆ ಬರೀ ಗೋಡೆಯಾಗಿತ್ತು.

ಆಗ ತಿಳಿಯಿತು ಅವಳಿಗೆ. ಅಲ್ಲಿಯವರೆಗೆ ಅವಳಿಗೂ ಪೂರ್ತಿ ತಿಳಿದಿರಲಿಲ್ಲ. ಡಾಕ್ಟರಿಂದ ಉತ್ತರ ಬರಬೇಕಾದ ಟ್ರೇಯನ್ನು ಅವಳ ಕೈ ತಾನಾಗಿಯೇ ಗೋಡೆಗೆ ಮುಖ ಮಾಡಿ ಇಡುತ್ತಿತ್ತು. ಇವತ್ತೇ ಹೋಗಬೇಕಾದದ್ದು ಹಲಗೆಯಿಂದ ಎರಡು ಬೆರಳು ಆಚೆ ಚಾಚಿರುತ್ತಿತ್ತು. ಕಿರಿಕಿರಿ ಮಾಡುವ ರೋಗಿಯದು ಕಿಟಕಿ ಕಟ್ಟೆಗೆ, ಅಚ್ಚು ಸರಿ ಬರದೆ ಮತ್ತೆ ತೆಗೆಸಬೇಕಾದದ್ದು ಸ್ಟೂಲಿನ ಕೆಳಕ್ಕೆ. ಯಾರೂ ಕಲಿಸಿದ್ದಲ್ಲ, ಯಾರಿಗೂ ಹೇಳಿದ್ದೂ ಅಲ್ಲ. ಬೆಳಿಗ್ಗೆ ಬ್ಯಾಗು ಇಳಿಸುತ್ತ ಒಂದು ಸಲ ಕಣ್ಣಾಡಿಸಿದರೆ ದಿನವೆಲ್ಲ ತಲೆಯಲ್ಲಿ ಕೂತುಬಿಡುತ್ತಿತ್ತು. ತಲೆಯಲ್ಲಿದೆ ತಲೆಯಲ್ಲಿದೆ ಅಂದುಕೊಂಡಿದ್ದರಲ್ಲಿ ಅರ್ಧ ತಲೆಯಲ್ಲಿ ಇರಲೇ ಇಲ್ಲ, ಕಪಾಟಿನಲ್ಲಿತ್ತು. ಆ್ಯಪಿಗೆ ಅವಳು ತುಂಬಿದ್ದು ಚೀಟಿಯಲ್ಲಿದ್ದದ್ದನ್ನು. ಕಪಾಟನ್ನು ತುಂಬಿರಲಿಲ್ಲ.

ಆಮೇಲೆ ಆ ಮೂರು ಕೆಂಪು ಸಾಲುಗಳು ನೆನಪಾದವು. ಕೇಳಿದಳು. ದಿನ ದಾಟಿದೆ ಅಂತ ಕೆಂಪಗೆ ತೋರಿಸುತ್ತಿತ್ತಲ್ಲ, ಅದಕ್ಕೇ ಎಲ್ಲದಕ್ಕಿಂತ ಮುಂಚೆ ಅವನ್ನೇ ಕೈಗೆತ್ತಿಕೊಂಡು ಮುಗಿಸಿದೆವು ಅಂದಳು ಪ್ಲಾಸ್ಟರಮ್ಮ. ದಿನ ದಾಟಿದ್ದು ಡಾಕ್ಟರ ಉತ್ತರಕ್ಕೆ ಕಾಯುತ್ತಿದ್ದುದರಿಂದ. ಮೂರೂ ಗೋಡೆಗೆ ಮುಖ ಮಾಡಿದ್ದವು. ಮೂರೂ ಈಗ ಗಟ್ಟಿ ಸೆಟ್. ಅದರಲ್ಲೊಂದು ರೈಲ್ವೆ ಸ್ಟೇಷನ್ನಿನಲ್ಲಿ ಮೈಕಿನ ಮುಂದೆ ಮೂವತ್ತು ವರ್ಷ ಕೂತು ರೈಲಿನ ಹೊತ್ತು ಹೇಳಿದ ಒಬ್ಬ ಅಜ್ಜಿಯದು. ಮೊದಲು ಎರಡು ಮುಂಬಲ್ಲಿನ ನಡುವೆ ಸಂದಿಯಿತ್ತಂತೆ, ಆ ಸಂದಿ ಇಲ್ಲದಿದ್ದರೆ ತನ್ನ ದನಿ ತನ್ನದಲ್ಲ ಅಂತ ಪಟ್ಟು ಹಿಡಿದಿದ್ದರು, ಹಳೆಯ ಫೋಟೋ ಬರಬೇಕಿತ್ತು. ಚೀಟಿ ಅಕ್ಕ ಡಬ್ಬಿ ತೆರೆದು ನೋಡಿದಳು. ಮೇಷ್ಟ್ರ ಕೆಲಸ, ಎಲ್ಲಿಯೂ ಒಂದು ಕೂದಲು ಹೋಗುವಷ್ಟೂ ಸಂದಿಯಿಲ್ಲ.

ಯಜಮಾನರು ಬಂದರು, ಕೇಳಿದರು, ಯಾರನ್ನೂ ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಹಣೆ ಉಜ್ಜಿಕೊಳ್ಳುತ್ತ ಅವಳ ಎದುರಿನ ಕುರ್ಚಿಯಲ್ಲಿ ಕೂತು, ಮೂರು ಸೆಟ್ಟು ಹೋದರೆ ಹೋಗಲಿ, ಹೊಸದು ಮಾಡೋಣ, ಆದರೆ ಉಳಿದವುಗಳಲ್ಲಿ ಯಾವುದು ಏನಕ್ಕೆ ಕಾಯುತ್ತಿದೆ ಅಂತ ಗೊತ್ತಿಲ್ಲದೆ ಆರು ವಾರ ಹೇಗೆ ಅಂದರು. ಆಮೇಲೆ ಮೆತ್ತಗೆ, ಒಂದು ತಿಂಗಳು ಮುಂದೆ ಹಾಕೋಕೆ ಆಗುತ್ತಾ ಕೇಳಿ ನೋಡ್ತೀರಾ, ಬಲವಂತ ಇಲ್ಲ ಅಂದರು. ಅವರ ದನಿಯಲ್ಲಿ ನಿಜವಾಗಿಯೂ ಬಲವಂತ ಇರಲಿಲ್ಲ. ಹಿಂದಿನ ಎರಡು ಸಲವೂ ಇರಲಿಲ್ಲ.

ಅವರು ಒಳಗೆ ಹೋದ ಮೇಲೆ ಚೀಟಿ ಅಕ್ಕ ಆಸ್ಪತ್ರೆಯ ನಂಬರು ತೆಗೆದಳು. ಒಂದು ತಿಂಗಳು ಅಂದರೆ ಮೂವತ್ತು ದಿನ. ಮೂವತ್ತು ದಿನದಲ್ಲಿ ಕಪಾಟನ್ನು ಮೊದಲಿನ ಹಾಗೆ ಮಾಡಬಹುದು. ಯೋಚನೆಯೇ ಹಾಸಿಗೆ ಹಾಸಿ ಕೊಟ್ಟ ಹಾಗಿತ್ತು; ಬೆರಳು ಒರೆಸಿ ಒತ್ತಿದರಾಯಿತು.

ಪ್ಲಾಸ್ಟರಮ್ಮ ಅಲ್ಲಿಂದ ಹೋಗಿರಲಿಲ್ಲ. ಫೋನಿನ ಮೇಲೆ ಬಗ್ಗಿ ನೋಡಿದಳು.

"ಮಾಡಿ ಮಾಡಿ. ಮುಂದಿನ ತಿಂಗಳು ನಿಮ್ಮ ತಮ್ಮ ಐದನೇದು ತರ್ತಾನೆ. ಅದನ್ನೂ ತುಂಬಿ, ಅದಕ್ಕೂ ಒಂದು ಕೊಂಕು ಹೇಳಿ, ಆಮೇಲೆ ಇನ್ನೊಂದು ತಿಂಗಳು."

"ನೀವು ಜೋಡಿಸಿಟ್ಟಿದ್ದಕ್ಕೆ ತಾನೇ ಇಷ್ಟೆಲ್ಲ ಆಗಿದ್ದು."

"ಹೌದು, ನಾವು ಮಾಡಿದ್ದು ತಪ್ಪು. ಎಲ್ಲಿ ಬೇಕಾದ್ರೂ ಹೇಳ್ತೀನಿ. ಆದ್ರೆ ಗೋಡೆ ಕಡೆ ತಿರುಗಿಸಿದ್ರೆ ಏನರ್ಥ ಅಂತ ಹನ್ನೊಂದು ವರ್ಷದಲ್ಲಿ ಒಂದಿನ ಆದ್ರೂ ನನಗೆ ಹೇಳಿದ್ರಾ ಅಕ್ಕಾ?"

ಚೀಟಿ ಅಕ್ಕ ಹೇಳಿರಲಿಲ್ಲ. ನನಗೇ ಗೊತ್ತಿರಲಿಲ್ಲ ಅನ್ನಬಹುದಿತ್ತು, ಅದು ಅರ್ಧ ನಿಜ. ಇನ್ನರ್ಧ ಅವಳಿಗೆ ಅಲ್ಲಿಯೇ, ಆ ಸ್ಟೂಲಿನ ಮೇಲೆಯೇ, ಬೇಡ ಬೇಡ ಅಂದರೂ ಕಂಡಿತು. ಇದೆಲ್ಲಿಗೆ ಅಕ್ಕಾ ಅನ್ನುವುದನ್ನು ದಿನಕ್ಕೆ ನಲವತ್ತು ಸಲ ಕೇಳಿ ಕೇಳಿ ಪ್ರಾಣ ಹೋಗುತ್ತದೆ ಅಂತ ಮನೆಯಲ್ಲಿ ಗೊಣಗುತ್ತಿದ್ದಳು, ನಿಜ. ಯಾವತ್ತಾದರೂ ಮೂವತ್ತೇ ಸಲ ಕೇಳಿದರೆ ಸಂಜೆಗೆ ಏನೋ ಬಿಟ್ಟುಹೋದ ಹಾಗಿರುತ್ತಿತ್ತು. ನಾಲ್ಕು ಆ್ಯಪಿಗೂ ಅವಳು ಹೇಳಿದ ದೋಷಗಳೆಲ್ಲ ಇದ್ದವು. ದೋಷವಿಲ್ಲದ್ದು ಸಿಕ್ಕಿದ್ದರೆ ಏನು ಮಾಡುತ್ತಿದ್ದಳೋ.

ಫೋನನ್ನು ಮೇಜಿನ ಮೇಲಿಟ್ಟಳು. ಎಲ್ಲರನ್ನೂ ಕರೀರಿ ಅಂದಳು, ಬ್ಯಾಗಣ್ಣ ಹೊರಟಿದ್ದರೆ ಅವನನ್ನೂ ವಾಪಸು ಕರೀರಿ.

ಆ ಮಧ್ಯಾಹ್ನ ವರ್ಕ್‌ಶಾಪಿನಲ್ಲಿ ಕೆಲಸ ನಡೆಯಲಿಲ್ಲ. ಪ್ಲಾಸ್ಟರಮ್ಮ ಒಂದೊಂದೇ ಟ್ರೇ ಇಳಿಸಿ ನಡುವಿನ ಮೇಜಿನ ಮೇಲಿಡುವುದು, ಮೂವರೂ ಸುತ್ತ ನಿಂತು ನೋಡುವುದು. ಚೀಟಿ ಅಕ್ಕ ಮಾತ್ರ ಕೂತಿದ್ದಳು. ಮೊದಮೊದಲು ಎಲ್ಲರೂ ಅವಳ ಮುಖ ನೋಡಿದರು. ನನ್ನ ನೋಡಬೇಡಿ, ನಿಮಗೆ ಏನು ನೆನಪಿದೆ ಅದನ್ನು ಹೇಳಿ ಅಂದಳು. ಆಮೇಲೆ ಮೇಣದ ಮೇಷ್ಟ್ರು ಕೆಮ್ಮಿದರು.

"ಇದು ಕಾಯೋದು. ಕೆಳಗಿನ ಸಾಲು ಒಂಚೂರು ಒಳಗಿರಲಿ ಅಂದಿದ್ರು ಡಾಕ್ಟ್ರು. ಎಷ್ಟು ಅಂತ ಹೇಳಿಲ್ಲ."

ಅವರಿಗೆ ಕೈಗೆ ಬಂದ ಹಲ್ಲೆಲ್ಲ ನೆನಪಿದ್ದವು; ಕೆಂಪು ಸಾಲುಗಳ ಅವಸರದಲ್ಲಿ ಯಾರೂ ಅವರನ್ನು ಕೇಳಿರಲಿಲ್ಲ, ಕೇಳದೆ ಅವರು ಹೇಳುವವರಲ್ಲ. ನಂಬರು ಬೇಕಿರಲಿಲ್ಲ, ಅಚ್ಚಿನ ಒಸಡು ನೋಡಿದರೆ ಸಾಕು, ಇವರು ಎಡಗಡೆ ಜಗಿಯುವವರು, ಇವರಿಗೆ ಹಲ್ಲು ಉದ್ದ ಬೇಕಂತೆ, ಇವರ ಮಗಳು ತಕರಾರು ಅಂತ ಒಂದೊಂದೇ ಹೇಳುತ್ತ ಹೋದರು. ಆ ಒಂದು ಮಧ್ಯಾಹ್ನ ಅವರು ಆಡಿದ ಮಾತು ಆ ವರ್ಷದ ಲೆಕ್ಕಕ್ಕೆ ಹೆಚ್ಚೇ ಆಯಿತು. ಯಾವ ಅಚ್ಚಿನಲ್ಲಿ ಗುಳ್ಳೆ ಬಂದಿತ್ತು, ಯಾವುದನ್ನು ಮತ್ತೆ ತೆಗೆಸಬೇಕು ಅನ್ನುವುದು ಪ್ಲಾಸ್ಟರಮ್ಮನ ನಾಲಗೆಯ ತುದಿಯಲ್ಲಿತ್ತು. ಯಾವ ಡಾಕ್ಟರು ಊರಲ್ಲಿಲ್ಲ, ಯಾವ ಕ್ಲಿನಿಕ್ಕಿನ ಹುಡುಗಿ ಉತ್ತರ ಕೊಡುವುದನ್ನೇ ಮರೆಯುತ್ತಾಳೆ ಅನ್ನುವುದು ಬ್ಯಾಗಣ್ಣನಿಗೆ. ಅವನು ನಡುನಡುವೆ ಆ ಹುಡುಗಿಯ ವಿಷಯ ಬೇಕಾದ್ದಕ್ಕಿಂತ ಜಾಸ್ತಿ ಹೇಳಿ ಪ್ಲಾಸ್ಟರಮ್ಮನ ಕೈಲಿ ಒಂದೆರಡು ಮಾತು ಅನ್ನಿಸಿಕೊಂಡ. ಚೀಟಿ ಅಕ್ಕ ಕೇಳುತ್ತಿದ್ದಳು. ಕೆಲವು ಅವಳಿಗೆ ಗೊತ್ತಿದ್ದವು, ಕೆಲವು ಗೊತ್ತಿರಲಿಲ್ಲ, ಒಂದೆರಡರಲ್ಲಿ ಅವಳು ತಿಳಿದುಕೊಂಡಿದ್ದೇ ತಪ್ಪಾಗಿತ್ತು. ಹೇಳಿದ್ದನ್ನೆಲ್ಲ ಆಯಾ ಸಾಲಿನ ಕೆಳಗೆ ಟೈಪ್ ಮಾಡಿಸಿದಳು, ಹೇಳಿದವರ ಕೈಯಿಂದಲೇ. ಮೇಷ್ಟ್ರು ಒಂದೊಂದು ಅಕ್ಷರವನ್ನೂ ಹಲ್ಲು ಕೂರಿಸುವ ಹಾಗೆ ಕೂರಿಸುತ್ತಿದ್ದರು; ಅವರದು ಮುಗಿಯುವಷ್ಟರಲ್ಲಿ ಎರಡು ಸುತ್ತು ಟೀ ಆಯಿತು.

ಐದು ಟ್ರೇಗಳ ಸುದ್ದಿ ಯಾರಿಗೂ ಗೊತ್ತಿರಲಿಲ್ಲ. ಕ್ಲಿನಿಕ್ಕಿಗೆ ಫೋನ್ ಮಾಡಿದರು. ನಾಲ್ಕರದು ತಿಳಿಯಿತು. ಒಂದರದು ತಿಳಿಯಲಿಲ್ಲ, ಅದನ್ನು ಹಾಗೇ ಬಿಟ್ಟರು.

ಸಂಜೆ ತಮ್ಮ ಬಂದ, ಅಕ್ಕನನ್ನು ಮನೆಗೆ ಕರೆದುಕೊಂಡು ಹೋಗಲು. ಆದದ್ದನ್ನು ಕೇಳಿ ಬಾಗಿಲಲ್ಲೇ ಕಣ್ಣರಳಿಸಿದ. ಫೋಟೋ ತೆಗೆದರೆ ಸಾಕು ಟ್ರೇ ಎಲ್ಲಿದೆ, ಯಾವ ಕಡೆ ತಿರುಗಿದೆ ಅಂತ ತಾನೇ ಬರೆದುಕೊಳ್ಳುವ ಒಂದು ಆ್ಯಪ್ ಇದೆ, ನಿನ್ನೆ ತಾನೇ ನೋಡಿದೆ, ಅದರಲ್ಲಿ ಈ ತೊಂದರೆ ಬರುವುದೇ ಇಲ್ಲ ಅಂದ. ಹೇಳುತ್ತ ಹೇಳುತ್ತ ಫೋನನ್ನು ಹೊರಗೆ ತೆಗೆದೂ ಆಗಿತ್ತು. ಪ್ಲಾಸ್ಟರಮ್ಮ ಅವನನ್ನೊಮ್ಮೆ ನೋಡಿ, ಬಕೆಟ್ಟು ಎತ್ತಿಕೊಂಡು ಒಳಗೆ ಹೋದಳು.

"ಬೇಡ ಕಣೋ," ಅಂದಳು ಚೀಟಿ ಅಕ್ಕ. "ಇದೇ ಇರಲಿ."

"ಇದಕ್ಕಿಂತ ಅದು ಹತ್ತು ಪಾಲು ಚೆನ್ನಾಗಿದೆ ಅಕ್ಕಾ. ಒಂದ್ಸಲ ನೋಡು."

"ಇರಬಹುದು. ನನಗೆ ಸಾಕಾಗಿದೆ."

ತಮ್ಮ ಮುಖ ಸಣ್ಣ ಮಾಡಿಕೊಂಡ. ಆದರೂ ಅಕ್ಕನ ಬ್ಯಾಗನ್ನು ತಾನೇ ಎತ್ತಿಕೊಂಡ. ಯಜಮಾನರು ಒಳಗಿಂದ ಬಂದು, ಅಂತೂ ಯಾವುದು ಅಂತ ತೀರ್ಮಾನ ಆಯಿತಾ, ಈ ಪಟ್ಟಿಯೇ ಎಲ್ಲದಕ್ಕಿಂತ ಒಳ್ಳೆಯದಾ ಅಂತ ಕೇಳಿದರು. ಅಲ್ಲ, ಆದರೆ ಇಷ್ಟು ಸಾಕು ಅಂದಳು. ಆಪರೇಷನ್ನಿನ ದಿನದ ಬಗ್ಗೆ ಅವರು ಕೇಳಲು ಹೊರಟದ್ದು ಅವಳಿಗೆ ಕಂಡಿತು. ಕೇಳುವ ಮೊದಲೇ, ಹದಿನಾರರಿಂದ ನಾನು ಬರೋದಿಲ್ಲ ಸಾರ್ ಅಂದಳು. ದನಿ ಎತ್ತುವ ಶಕ್ತಿಯೂ ಇರಲಿಲ್ಲ, ಆದ್ದರಿಂದ ಮೆಲ್ಲಗೇ ಬಂತು ಮಾತು. ಮೆಲ್ಲಗೆ ಬಂದದ್ದಕ್ಕೋ ಏನೋ, ಅವರು ತಲೆಯಾಡಿಸಿದರು.

ನಂತರದ ದಿನಗಳೇನೂ ಹೂವಿನ ಹಾಸಿಗೆಯಾಗಿರಲಿಲ್ಲ. ರೈಲ್ವೆ ಅಜ್ಜಿಗೆ ಅವಳೇ ಫೋನ್ ಮಾಡಿ ಕ್ಷಮೆ ಕೇಳಿದಳು, ಅಜ್ಜಿ ಕಾಲು ಗಂಟೆ ಬೈದರು, ಮೈಕಿನ ಮುಂದೆ ಪಳಗಿದ ದನಿಯಾದ್ದರಿಂದ ಬೈಗುಳದ ಒಂದಕ್ಷರವೂ ತಪ್ಪಿಹೋಗಲಿಲ್ಲ. ಬ್ಯಾಗಣ್ಣ ಪಟ್ಟಿ ನೋಡದೆ ಒಂದು ಸೆಟ್ಟನ್ನು ಬೇರೆ ಕ್ಲಿನಿಕ್ಕಿಗೆ ಕೊಟ್ಟು ಬಂದು, ಮತ್ತೆ ಓಡಿದ. ದಿನಕ್ಕೆ ನಲವತ್ತು ಸಲ ಅಲ್ಲದಿದ್ದರೂ ಇಪ್ಪತ್ತು ಸಲ ಅವಳನ್ನು ಕೇಳುತ್ತಲೇ ಇದ್ದರು. ಇಪ್ಪತ್ತರಲ್ಲಿ ಹತ್ತಕ್ಕೆ ಅವಳು ಪಟ್ಟಿ ನೋಡಿ ಅಂದಳು. ಇನ್ನು ಹತ್ತಕ್ಕೆ ಬಾಯಿ ತಡೆಯಲಿಲ್ಲ.

ಹದಿನೇಳರ ಬೆಳಿಗ್ಗೆ ಒಂಬತ್ತೂವರೆ. ಆಸ್ಪತ್ರೆಯ ಹಸಿರು ನಿಲುವಂಗಿ, ಹಿಂದೆ ದಾರ ಕಟ್ಟುವಂಥದ್ದು. ನರ್ಸು ಬಂದು ಬಳೆ, ಓಲೆ ತೆಗೆಸಿ ಒಂದು ಕವರಿಗೆ ಹಾಕಿ ತಮ್ಮನ ಕೈಗೆ ಕೊಟ್ಟಳು. ಫೋನೂ ಕೊಡಿ, ಎರಡು ನಿಮಿಷದಲ್ಲಿ ಸ್ಟ್ರೆಚರ್ ಬರುತ್ತೆ ಅಂದಳು. ಚೀಟಿ ಅಕ್ಕ ಒಂದು ನಿಮಿಷ ಅಂದು ಫೋನ್ ನೋಡಿದಳು. ನೋಡಬಾರದು ಅಂದುಕೊಂಡೇ ನೋಡಿದಳು. ಪಟ್ಟಿಯಲ್ಲಿ ಒಂದು ಹೊಸ ಸಾಲು ಬಂದಿತ್ತು. ಮೇಲಿನ ನಾಲ್ಕು ಹಲ್ಲು, ಹಳೆಯ ರೋಗಿ, ಬಣ್ಣ ಹೋದ ಸಲದ್ದೇ ಇರಲಿ ಅಂದಿದ್ದಾರೆ. ಕೆಳಗೆ ಬ್ಯಾಗಣ್ಣ ಕೇಳಿದ್ದ: ಹೋದ ಸಲ ಯಾವ ಬಣ್ಣ?

ಅವಳಿಗೆ ಗೊತ್ತಿತ್ತು. ಎ ಮೂರೂವರೆ. ಆ ಮನುಷ್ಯ ಬೀಡಿ ಸೇದುವವರು, ಎ ಮೂರು ಹಾಕಿದರೆ ಪಕ್ಕದ ಹಲ್ಲಿನ ಮುಂದೆ ಬೆಳ್ಳಗೆ ಎದ್ದು ಕಾಣುತ್ತದೆ ಅಂತ ಎರಡು ವರ್ಷದ ಕೆಳಗೆ ತಾನೇ ಚೀಟಿ ತಿದ್ದಿದ್ದು. ಒರೆಸಿಕೊಳ್ಳದೆಯೇ ಬೆರಳು ಒತ್ತಿದಳು, ಆಸ್ಪತ್ರೆಯಲ್ಲಿ ತೊಳೆಸಿದ್ದರಿಂದ ಫೋನು ತಕ್ಷಣ ಕೇಳಿತು. ಎರಡು ಅಕ್ಷರ ಬರೆದಳು. ಅಷ್ಟರಲ್ಲಿ ಕೆಳಗೆ ಪ್ಲಾಸ್ಟರಮ್ಮನ ಉತ್ತರ ಬಂತು. ಎ ಮೂರು ಅನ್ಸುತ್ತೆ. ಅದರ ಕೆಳಗೆ ಮೇಷ್ಟ್ರದು, ಅಕ್ಷರಕ್ಕೆ ಅಕ್ಷರ ಕೂರಿಸಿ: ಸರಿ. ಮೇಣದಲ್ಲಿ ಹಾಕಿ ಕಳಿಸ್ತೀನಿ. ಬೇಡ ಅಂದ್ರೆ ಬದಲಿಸೋಣ.

ಬೇಡ ಅನ್ನುತ್ತಾರೆ. ಮೇಣದ ಹಲ್ಲು ಬಾಯಿಗಿಟ್ಟು ಕನ್ನಡಿ ನೋಡಿದ ಕೂಡಲೇ ಅನ್ನುತ್ತಾರೆ. ಟ್ರೇ ವಾಪಸು ಬರುತ್ತದೆ, ಮೇಷ್ಟ್ರು ನಾಲ್ಕು ಹಲ್ಲು ಕಿತ್ತು ಬೇರೆ ನಾಲ್ಕು ಕೂರಿಸುತ್ತಾರೆ, ಬ್ಯಾಗಣ್ಣ ಒಂದು ಸಲ ಜಾಸ್ತಿ ಓಡುತ್ತಾನೆ, ಪ್ಲಾಸ್ಟರಮ್ಮ ಆ ಬೀಡಿಯವರಿಗೆ ಮನಸ್ಸಿನಲ್ಲೇ ಬೈಯುತ್ತಾಳೆ. ಮೂರು ದಿನ ತಡ. ಅಷ್ಟೇ ತಾನೇ. ಅವಳು ಬರೆದಿದ್ದ ಎರಡು ಅಕ್ಷರವನ್ನು ನೋಡಿದಳು, ಒಂದೊಂದಾಗಿ ಅಳಿಸಿದಳು.

ಸ್ಟ್ರೆಚರ್ ಬಂತು. ತಮ್ಮ ಫೋನಿಗೆ ಕೈ ಚಾಚಿದ. ನೀನು ಬರೋವರೆಗೆ ನಾನೇ ಎಲ್ಲ ನೋಡ್ಕೋತೀನಿ ಅಕ್ಕಾ, ಪಾಸ್‌ವರ್ಡ್ ಹೇಳು ಅಂದ.

"ಏನೂ ನೋಡ್ಬೇಡ," ಅಂದಳು. "ಆಫ್ ಮಾಡಿ ಇಟ್ಕೋ."

ಅವನು ಆಫ್ ಮಾಡುವುದನ್ನು ನೋಡಿಕೊಂಡೇ ಅವಳು ಸ್ಟ್ರೆಚರಿನ ಮೇಲೆ ಕಾಲೆತ್ತಿ ಇಟ್ಟಳು. ಬೆನ್ನು ಚಾಚಿದ ಕೂಡಲೇ ಎಲ್ಲಿಂದಲೋ ಆಕಳಿಕೆ ಬಂತು, ದೊಡ್ಡದು, ದವಡೆ ಕಳಚಿ ಬೀಳುವಂಥದ್ದು. ಇನ್ನೂ ಮದ್ದು ಕೊಟ್ಟೇ ಇಲ್ಲವಲ್ಲ ಅಂದಳು ನರ್ಸು. ಚೀಟಿ ಅಕ್ಕ ಬಾಗಿಲು ದಾಟುವ ಮೊದಲೇ ಕಣ್ಣು ಮುಚ್ಚಿಕೊಂಡಿದ್ದಳು.